ಗರ್ಭಗುಡಿಗೂ ಬೀಗ ಇರತ್ತಲ್ಲ

ಈ ಸಲ ಅತ್ತೆ-ಸೊಸೆ ಜಗಳ, ಪಿಯುಸಿ ಮಾರ್ಕ್ಸು, ಮಕ್ಕಳ ಮೊಬೈಲ್ ಚಟ ಎಲ್ಲಾ ಪಕ್ಕಕ್ಕಿಟ್ಟಿದೀನಿ. ಹೋದ ವರ್ಷ ಆಗಸ್ಟಲ್ಲಿ ಒಬ್ಬ ತಂಗಿ ಕೊಡಗಿಂದ ಬರೆದಿದ್ರು, ಮನೇಲಿರೋ ಕೋವಿ ಬಗ್ಗೆ. ನಾನು ಅವರಿಗೆ ನೇರ ಉತ್ತರ ಬರೆದೆ, ಅವರು ಮತ್ತೆ ಬರೆದ್ರು, ಹೀಗೇ ಒಂದು ವರ್ಷ ನಾಲ್ಕು ಸಲ ಆಯ್ತು. ಈಗ ಅವರೇ ‘ಹಾಕಿ ಅಕ್ಕ, ನನ್ನ ಥರ ಇನ್ನೂ ಎಷ್ಟು ಜನ ಅಮ್ಮಂದಿರು ಇದಾರೋ’ ಅಂದ್ರು. ಹೆಸರು ಬೇಡ ಅಂದಿದಾರೆ, ಊರೂ ಬೇಡ. ಅವರ ಪತ್ರಗಳನ್ನ ಸ್ವಲ್ಪ ಕತ್ತರಿಸಿದೀನಿ, ನನ್ನ ಉತ್ತರಗಳನ್ನ ಕತ್ತರಿಸೋಕೆ ಮನಸ್ಸು ಬರ್ಲಿಲ್ಲ, ಕ್ಷಮಿಸಿ.

ಪ್ರಶ್ನೆ (ಆಗಸ್ಟ್): ಅಕ್ಕಾ, ನಾನು ದಾವಣಗೆರೆ ಕಡೆಯವಳು. ಅಪ್ಪಂದು ಕಿರಾಣಿ ಅಂಗಡಿ. ನಮ್ಮನೇಲಿ ಆಯುಧ ಅಂದ್ರೆ ಈಳಿಗೆ ಮಣೆ ಒಂದೇ, ಆಯುಧಪೂಜೆ ದಿನ ತಕ್ಕಡಿಗೂ ಸ್ಕೂಟರಿಗೂ ಕುಂಕುಮ ಹಚ್ಚಿ ಕುಂಬಳಕಾಯಿ ಒಡೀತಿದ್ವಿ ಅಷ್ಟೆ. ನಮ್ಮನೆಯವ್ರು ಕೊಡವರು, ಬೆಂಗ್ಳೂರಲ್ಲಿ ಒಟ್ಟಿಗೆ ಕೆಲ್ಸ ಮಾಡ್ತಾ ಮದ್ವೆ ಆಗಿದ್ದು. ಮಾವ ಬಿದ್ದು ಕಾಲು ಮುರ್ಕೊಂಡ್ರು ಅಂತ ಈ ಏಪ್ರಿಲಲ್ಲಿ ಇಲ್ಲಿಗೇ ಬಂದ್ಬಿಟ್ವಿ, ಕಾಫಿ ತೋಟ ನೋಡ್ಕೊಳ್ಳೋಕೆ. ಮಗನಿಗೆ ಹದಿಮೂರು. ಇಲ್ಲಿ ಹಾಲ್ ಗೋಡೆ ಮೇಲೆ ಎರಡು ಕೋವಿ, ಒಂದು ಜೋಡಿ ನಳಿಗೇದು, ಇನ್ನೊಂದು ಮುತ್ತಾತನ ಕಾಲದ ಕೇಪಿನ ಕೋವಿ. ಊಟ ಮಾಡ್ತಾ ಕೂತ್ರೆ ಕಣ್ಣು ಅದರ ಮೇಲೇ ಹೋಗತ್ತೆ, ಅನ್ನ ಇಳಿಯಲ್ಲ. ಈಗ ಮಾವ ಕೈಲ್‌ಪೊಳ್ದ್‌ಗೆ, ಅಂದ್ರೆ ಕೊಡವರ ಆಯುಧಪೂಜೆ ಹಬ್ಬಕ್ಕೆ, ಮೊಮ್ಮಗನ ಕೈಗೆ ಕೋವಿ ಕೊಡ್ತೀನಿ ಅಂತ ಕೂತಿದಾರೆ, ಮಗ ನಿದ್ದೇಲೂ ಅದನ್ನೇ ಕನವರಿಸ್ತಾನೆ. ನನ್ನ ಸ್ವಂತ ತಂಗಿ ಅಮೆರಿಕದಲ್ಲಿದಾಳೆ, ಅವಳ ಮಗಳು ಒಂದನೇ ಕ್ಲಾಸಲ್ಲೇ ಗುಂಡಿನ ಸದ್ದು ಬಂದ್ರೆ ಬೆಂಚ್ ಕೆಳಗೆ ಹೇಗೆ ಸದ್ದಿಲ್ದೆ ಕೂರ್ಬೇಕು ಅಂತ ಡ್ರಿಲ್ ಮಾಡಿದಾಳೆ. ನಾನು ಬೇಡ ಅಂದ್ರೆ ‘ಹೊರಗಿಂದ ಬಂದವಳು, ನಿಂಗೆ ನಮ್ಮ ಪದ್ಧತಿ ಗೊತ್ತಿಲ್ಲ’ ಅಂತಾರೆ. ನಾನು ಹೆದರೋದು ತಪ್ಪಾ?

ಉತ್ತರ: ತಪ್ಪಲ್ಲ ತಂಗಿ. ಕೋವಿಗೆ ಹೆದರದೇ ಇರೋರ ಮನೆಗೆ ಊಟಕ್ಕೆ ಕರೆದ್ರೂ ನಾನು ಹೋಗಲ್ಲ.

ನಾನು ಕೊಪ್ಪದ ಕಡೆ ಅಡಿಕೆ ತೋಟದವಳು, ನಮ್ಮನೇಲೂ ಕೋವಿ ಇದೆ, ಆದ್ರೆ ನಮ್ಮದು ಬೆಳೆ ರಕ್ಷಣೆ ಲೈಸೆನ್ಸಿಂದು, ಡಿಸಿ ಆಫೀಸು, ಪೊಲೀಸ್ ವೆರಿಫಿಕೇಶನ್ನು, ಡಾಕ್ಟರ್ ಸರ್ಟಿಫಿಕೇಟು ಅಂತ ಸುತ್ತಿ ಸುತ್ತಿ ಸಿಕ್ಕಿದ್ದು. ನಿಮ್ಮ ಮಾವನ ಮನೆಗೆ ಆ ಸುತ್ತಾಟ ಇಲ್ಲ. ಕೊಡವರಿಗೆ ಮತ್ತೆ ಜಮ್ಮಾ ಹಿಡುವಳಿ (ಕೊಡಗಲ್ಲಿ ವಂಶಪಾರಂಪರ್ಯವಾಗಿ ಬರೋ ಜಮೀನು) ಇರೋರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರ ಅಕ್ಟೋಬರ್ ವರೆಗೆ ಮುಂದುವರಿಸಿತು, ಇದು ಸರೀನಾ ಅಂತ ಹೈಕೋರ್ಟಿಗೆ ಹೋಗಿದ್ದ ಅರ್ಜಿ 2021ರಲ್ಲಿ ವಜಾನೂ ಆಯ್ತು. ಅಂದ್ರೆ ‘ಇದೆಲ್ಲಾ ಕಾನೂನಿಗೆ ವಿರುದ್ಧ’ ಅಂತ ನೀವು ಮಾವನ ಹತ್ರ ವಾದ ಹೂಡೋಕೆ ಹೋದ್ರೆ ಸೋಲ್ತೀರ, ಆ ದಾರಿ ಬಿಡಿ.

ಆದ್ರೆ ವಿನಾಯಿತಿ ಇರೋದು ಲೈಸೆನ್ಸಿಗೆ, ವಯಸ್ಸಿಗಲ್ಲ. ಆಯುಧ ಕಾಯ್ದೆ ಪ್ರಕಾರ ಇಪ್ಪತ್ತೊಂದು ತುಂಬದೆ ಕೋವಿ ಇಟ್ಕೊಳ್ಳೋ ಹಾಗಿಲ್ಲ, ತರಬೇತಿಗೆ ಅಂತ ನಿಯಮದೊಳಗೆ ಹನ್ನೆರಡಾದ್ಮೇಲೆ ಅವಕಾಶ ಇದೆ, ಅದೂ ದೊಡ್ಡೋರ ಕಣ್ಣೆದುರಿಗೆ. ಹಬ್ಬದ ದಿನ ನಾಲ್ಕು ಜನ ಸೇರಿರೋ ಅಂಗಳದಲ್ಲಿ ಹುರುಪಿಗೆ ಕೈಗೆ ಕೊಡೋದನ್ನ ಯಾರೂ ತರಬೇತಿ ಅನ್ನಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನೀವು ಜೋಡಿ ನಳಿಗೆ ನೋಡಿ ಹೆದರ್ತಿದೀರ, ನನಗೆ ಭಯ ಆಗಿದ್ದು ಆ ಮುತ್ತಾತನ ಕಾಲದ್ದರ ಮೇಲೆ. ತೋಟಾ, ಅಂದ್ರೆ ಕಾರ್ಟ್ರಿಜ್, ಹಾಕೋ ಕೋವಿನ ಬಗ್ಗಿಸಿ ತೆರೆದ್ರೆ ಎರಡು ತೂತೂ ಕಾಣತ್ತೆ, ಖಾಲಿ ಇದ್ಯೋ ಇಲ್ವೋ ಮಗುಗೂ ಗೊತ್ತಾಗತ್ತೆ. ಕೇಪಿನ ಕೋವಿ ಹಾಗಲ್ಲ. ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ಜಡಿದು ಇಟ್ಟಿರ್ತಾರೆ, ಒಂದ್ಸಲ ತುಂಬಿದ್ಮೇಲೆ ಹೊಡೆದು ಖಾಲಿ ಮಾಡೋದೇ ಸುಲಭ, ತೆಗೆಯೋದು ರಗಳೆ. ಅದಕ್ಕೇ ಹಂದಿ ಬರತ್ತೆ ಅಂತ ತುಂಬಿದ್ದು, ಹಂದಿ ಬರ್ಲಿಲ್ಲ ಅಂತ ಹಾಗೇ ಗೋಡೆಗೆ ಹೋಗತ್ತೆ, ತುಂಬಿದವರು ಮರೀತಾರೆ, ಇಲ್ಲಾ ಸತ್ತೇ ಹೋಗಿರ್ತಾರೆ. ನಮ್ಮನೇಲಿ ನಾನು ಹೊಸದಾಗಿ ಬಂದ ವರ್ಷ ಹೀಗೇ ಆಯ್ತು. ದೀಪಾವಳಿಗೆ ಗೋಡೆ ಸುಣ್ಣ ಹೊಡಿಬೇಕು ಅಂತ ಕೋವಿ ಇಳಿಸಿದ್ರು, ಎಲ್ಲರೂ ಖಾಲಿ ಅಂದ್ಕೊಂಡಿದ್ವಿ, ಧೂಳು ಒರೆಸ್ತಾ ಇದ್ದಾಗ ಕೋವಿ ಕುದುರೆ, ಅಂದ್ರೆ ಕೇಪಿಗೆ ಬಡಿಯೋ ಸುತ್ತಿಗೆ, ಬಿತ್ತು. ಹಂಚಿನ ಮಾಡಲ್ಲಿ ತಟ್ಟೆಯಷ್ಟಗಲ ಆಕಾಶ ಕಾಣಿಸ್ತು. ಯಾರಿಗೂ ಏನೂ ಆಗ್ಲಿಲ್ಲ, ನಾನು ಮಾತ್ರ ಎರಡು ದಿನ ಮಾತಾಡ್ಲಿಲ್ಲ. ಯಾವಾಗ ತುಂಬಿದ್ದೋ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ.

ಹಾಗಾಗಿ ಇವತ್ತೇ ಒಂದು ಕೆಲ್ಸ ಮಾಡಿ. ಬೇಡ, ಆಗಲ್ಲ, ತೆಗೀರಿ ಅಂತ ಏನೂ ಹೇಳ್ಬೇಡಿ. ಮಾವನ ಹತ್ರ ಹೋಗಿ ‘ಮಾವ, ಆ ಹಳೇದು ಖಾಲಿ ಇದೆಯಾ?’ ಅಂತ ಮಾತ್ರ ಕೇಳಿ. ಮದ್ದು ಜಡಿಯೋ ಸಲಾಕೇನ ನಳಿಗೆ ಒಳಗೆ ಬಿಟ್ಟು, ಎಲ್ಲಿವರೆಗೆ ಇಳೀತು ಅಂತ ಗುರುತು ಮಾಡಿ, ಅದೇ ಸಲಾಕೇನ ಹೊರಗಿಂದ ನಳಿಗೆ ಪಕ್ಕ ಹಿಡಿದ್ರೆ ತಳ ಮುಟ್ಟಿದ್ಯೋ ಇಲ್ವೋ ತಿಳಿಯತ್ತೆ. ನಾಲ್ಕು ಬೆರಳು ಕಮ್ಮಿ ಬಂದ್ರೆ ಒಳಗೆ ಏನೋ ಕೂತಿದೆ ಅಂತ. ಇದನ್ನ ನೀವು ಮಾಡ್ಬೇಡಿ, ಅವರೇ ಮಾಡ್ಲಿ, ನೀವು ದೂರ ನಿಂತು ನೋಡಿ.

ಪ್ರಶ್ನೆ (ಸೆಪ್ಟೆಂಬರ್): ಅಕ್ಕಾ, ಖಾಲಿ ಇತ್ತು. ಆದ್ರೆ ಮಾವ ಸಲಾಕೆ ಬಿಟ್ಟು ಅಳತೆ ನೋಡೋವಾಗ ಅವರ ಮುಖಾನೂ ಸಣ್ಣಗಾಗಿತ್ತು, ಅವರಿಗೂ ಗ್ಯಾರಂಟಿ ಇರ್ಲಿಲ್ಲ ಅಂತ ಆಗ ಗೊತ್ತಾಯ್ತು! ಹಬ್ಬ ಮುಗೀತು. ಸುಳ್ಳು ಹೇಳಲ್ಲ, ನಾನು ಅಂದ್ಕೊಂಡ ಹಾಗಿರ್ಲಿಲ್ಲ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲಾ ತೊಳೆದು ಒರೆಸಿ ದೇವರ ಕೋಣೇಲಿ ದೀಪದ ಮುಂದೆ ಇಟ್ಟು, ಗಂಧ ಹಚ್ಚಿ, ನಳಿಗೆ ಬಾಯಿಗೆ ತೋಕ್‌ಪೂ ಸಿಕ್ಸಿದ್ರು, ಕೆಂಪು ಹಳದಿ ಬೆಂಕಿ ಥರ ಇರೋ ಹೂವು. ಮಗನ ಕೈಗೆ ಕೊಟ್ಟಿದ್ದು ಎಣ್ಣೆ ಬಟ್ಟೆ ಮಾತ್ರ, ‘ಈ ವರ್ಷ ನಿಂದು ಒರೆಸೋ ಕೆಲ್ಸ’ ಅಂದ್ರು ಮಾವ, ಅವನ ಮುಖ ನೋಡ್ಬೇಕಿತ್ತು. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ, ಅರವತ್ತು ದಾಟಿದ ಒಬ್ಬ ಆಂಟಿ ಸೀರೆ ನೆರಿಗೆ ಸರಿ ಮಾಡ್ಕೊಂಡು ಬಂದು ಒಂದೇ ಏಟಿಗೆ ಒಡೆದ್ರು. ಅಲ್ಲಿ ಒಬ್ಬ ನೆಂಟ ಸ್ವಲ್ಪ ಹಾಕ್ಕೊಂಡು ಬಂದಿದ್ದ, ನಂಗೂ ಒಂದ್ ಈಡು ಅಂತ ಕೈ ಚಾಚಿದ. ಮಾವ ಏನೂ ಮಾತಾಡ್ಲಿಲ್ಲ, ಕೋವಿ ಬಗ್ಗಿಸಿ ತೋಟಾ ತೆಗೆದು ಜೇಬಿಗೆ ಹಾಕ್ಕೊಂಡು ಕುಂಟ್ತಾ ಮನೆಗೆ ಹೊರಟೇಬಿಟ್ರು. ಎಲ್ಲರೆದುರು ಅವನಿಗೆ ಅವಮಾನ ಆಯ್ತು. ಅವತ್ತು ಮೊದಲ್ನೇ ಸಲ ನಂಗೆ ಮಾವನ ಮೇಲೆ ನಂಬಿಕೆ ಬಂತು ಅಕ್ಕ.

ಆದ್ರೆ ಕಪಾಟಲ್ಲಿಟ್ಟು ಬೀಗ ಹಾಕೋಣ ಅಂದಿದ್ದಕ್ಕೆ ಕೆರಳಿಬಿಟ್ರು. ‘ಮಗು ಹುಟ್ಟಿದ್ರೆ ಈಡು, ಸತ್ತಾಗ ಈಡು, ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೆಯೋವಾಗ ಈಡು, ಅದು ದೇವರ ಸಮಾನ, ದೇವರಿಗೆ ಬೀಗ ಹಾಕ್ತಾರಾ?’ ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ.

ಉತ್ತರ: ಇದೆ ತಂಗಿ, ದಾವಣಗೆರೆಯವರಾಗಿ ಹೀಗಂತೀರಲ್ಲ. ಹರಿಹರದಲ್ಲಿ ಹರಿಹರೇಶ್ವರನಿಗೆ ರಾತ್ರಿ ಬಾಗಿಲು ಹಾಕಲ್ವಾ? ನಿಮ್ಮ ಕೊಡಗಲ್ಲೇ ಬೀಗ ಇಲ್ಲದ ದೇವಸ್ಥಾನ ಎಷ್ಟಿದೆ ಎಣಿಸಿ ನೋಡಿ. ಗರ್ಭಗುಡಿಗೂ ಬೀಗ ಇರತ್ತಲ್ಲ, ಅದರಿಂದ ದೇವರ ಮರ್ಯಾದೆ ಹೆಚ್ಚಾಗಿದ್ಯೇ ಹೊರತು ಕಮ್ಮಿ ಆಗಿಲ್ಲ. ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಒಳಗೆ ನುಗ್ಗಿ ಮುಟ್ಟೋ ಹಾಗಿದ್ರೆ ಅದು ದೇವರಾಗಿ ಉಳಿಯಲ್ಲ, ಬಸ್‌ಸ್ಟ್ಯಾಂಡ್ ಬೆಂಚಾಗತ್ತೆ. ಇದನ್ನ ಮಾವನಿಗೆ ನೀವು ಹೇಳ್ಬೇಡಿ, ಮೊಮ್ಮಗನ ಕೈಲಿ ಹೇಳಿಸಿ.

ಇನ್ನೊಂದು ಮಾತು ಇದೆ, ಅದು ಅವರದ್ದೇ ಪದ್ಧತಿಯೊಳಗಿಂದ ಬರೋದು. ಕೈಲ್‌ಪೊಳ್ದ್ ಯಾಕೆ ಬಂತು ಅಂತ ಅವರನ್ನೇ ಕೇಳಿ. ಗದ್ದೆ ಕೆಲ್ಸ ಶುರುವಾದ್ರೆ ಆಯುಧ ಎಲ್ಲಾ ಒಳಗೆ ಇಟ್ಬಿಡ್ತಿದ್ರು, ನಾಟಿ ಮುಗಿಯೋವರೆಗೆ ಮುಟ್ತಿರ್ಲಿಲ್ಲ, ಮುಗಿದ್ಮೇಲೆ ಪೂಜೆ ಮಾಡಿ ಹೊರಗೆ ತೆಗೀತಿದ್ರು, ಹಬ್ಬ ಇರೋದೇ ಆ ಹೊರಗೆ ತೆಗೆಯೋದಕ್ಕೆ. ಒಳಗೆ ಇಡೋದು ಇಲ್ದೆ ಇದ್ರೆ ಹೊರಗೆ ತೆಗೆಯೋಕೆ ಹಬ್ಬ ಯಾಕೆ ಬೇಕಿತ್ತು? ವರ್ಷವಿಡೀ ಟಿವಿ ಮೇಲೆ ನೇತಾಡೋದು ಪದ್ಧತಿ ಅಲ್ಲ ಕಣ್ರೀ, ಅದು ಹಾಲ್ ಗೋಡೆ ಡೆಕೊರೇಶನ್ನು.

ಬೀಗದ ವಿಷ್ಯಕ್ಕೆ ನನ್ನದೊಂದು ಸಲಹೆ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಕಪಾಟು, ಅದಕ್ಕೆ ಒಂದಲ್ಲ, ಎರಡು ಬೀಗ. ಒಂದರ ಬೀಗದಕೈ ಮಾವನ ಹತ್ರ, ಇನ್ನೊಂದು ನಿಮ್ಮ ಹತ್ರ. ಇಬ್ಬರೂ ಇದ್ರೆ ಮಾತ್ರ ತೆಗೆಯೋಕೆ ಆಗತ್ತೆ. ತೋಟಾ ಬೇರೆ ಡಬ್ಬೀಲಿ, ಬೇರೆ ಕೋಣೇಲಿ. ನಮ್ಮ ಮನೇಲಿ ಹಂಚು ಹಾರಿದ್ಮೇಲೆ ನಮ್ಮತ್ತೆ ಮಾಡಿದ ಏರ್ಪಾಡು ಇದು. ಮನೇಲಿ ಯಾರು ಅತಿ ಹೆಚ್ಚು ಹೆದರ್ತಾರೋ ಅವರ ಕೈಲಿ ಒಂದು ಬೀಗದಕೈ ಇರ್ಬೇಕು ಅಂತ ಅವರ ಲೆಕ್ಕ. ಆವಾಗ ಅದು ನಾನೇ ಆಗಿದ್ದೆ. ಇಪ್ಪತ್ತೆರಡು ವರ್ಷ ಆಯ್ತು, ಈಗಲೂ ನನ್ನ ಹತ್ರಾನೇ ಇದೆ. ನನಗೆ ಕೋವಿ ಮೇಲಿನ ಸಿಟ್ಟು ಇಳಿಯೋಕೆ ಶುರುವಾಗಿದ್ದೂ ಆ ಬೀಗದಕೈ ಕೈಗೆ ಬಂದ ದಿನದಿಂದ, ಅಲ್ಲಿವರೆಗೆ ಅದು ಅವರ ಕೋವಿ ಆಗಿತ್ತು, ಆಮೇಲೆ ನಮ್ಮನೆ ಕೋವಿ ಆಯ್ತು.

ಇದರ ಮಧ್ಯೆ ಮೈಸೂರಿನ ಒಬ್ಬ ತಂದೆಯದ್ದೂ ಒಂದು ಪ್ರಶ್ನೆ ಇದೆ, ಇಲ್ಲೇ ಹೇಳಿ ಮುಗಿಸ್ತೀನಿ.

ಪ್ರಶ್ನೆ: ಮೇಡಂ, ಪ್ಯಾರಿಸ್ ಒಲಿಂಪಿಕ್ಸಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗಿಂದ ನನ್ನ ಹನ್ನೆರಡು ವರ್ಷದ ಮಗಳು ಏರ್ ರೈಫಲ್ ಕ್ಲಾಸಿಗೆ ಸೇರಿಸಿ ಅಂತಿದಾಳೆ. ನಂಗಿಷ್ಟ ಇಲ್ಲ. ಹೆಣ್ಮಗಳ ಕೈಗೆ ಬಂದೂಕು ಯಾಕೆ?

ಉತ್ತರ: ‘ಹೆಣ್ಮಗಳ’ ಅನ್ನೋದನ್ನ ತೆಗೆದ್ಬಿಟ್ಟು ಪ್ರಶ್ನೆ ಕೇಳಿ ಸರ್, ಆವಾಗ ಪ್ರಶ್ನೆ ಚೆನ್ನಾಗಿದೆ. ಏರ್ ರೈಫಲಲ್ಲಿ ಮದ್ದಿಲ್ಲ, ಗಾಳಿ ಒತ್ತಡಕ್ಕೆ ಹೋಗೋ ನಾಲ್ಕೂವರೆ ಮಿಲಿಮೀಟರಿನ ಸೀಸದ ಸಣ್ಣ ಕಾಳು, ಶಕ್ತಿ 20 ಜೌಲ್ ಒಳಗಿದ್ರೆ ಲೈಸೆನ್ಸೂ ಬೇಡ. ಹಾಗಂತ ಆಟದ ಸಾಮಾನು ಅಲ್ಲ, ಕಣ್ಣು ಹೋಗತ್ತೆ. ಅದಕ್ಕೇ ಮನೆ ಟೆರೇಸಲ್ಲಿ ಬೇಡ, ಕೋಚ್ ಇರೋ ರೇಂಜಿಗೇ ಕಳಿಸಿ. ಒಂದ್ಸಲ ನೀವೂ ಹೋಗಿ ಕೂತು ನೋಡಿ, ನಿಮಗೆ ಬೋರ್ ಹೊಡೆಯತ್ತೆ ಅಂತ ನಾನು ಬರ್ಕೊಡ್ತೀನಿ. ಹತ್ತು ಮೀಟರ್ ದೂರದಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರು, ಸಾಸಿವೆ ಕಾಳಿಗಿಂತ ಚಿಕ್ಕದು. ಉಸಿರು ಬಿಟ್ಟು, ಹಿಡಿದು, ಬೇಡ ಅನಿಸಿದ್ರೆ ಕೋವಿ ಇಳಿಸಿ ಮತ್ತೆ ಮೊದಲಿಂದ. ಹೊಡೆಯೋದಕ್ಕಿಂತ ಹೊಡೆಯದೆ ಇಳಿಸೋದನ್ನೇ ಜಾಸ್ತಿ ಕಲಿಸ್ತಾರೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಲ್ಲಿ ಚಿನ್ನ ಗೆದ್ದಿದ್ದು ಇದೇ ಆಟದಲ್ಲಿ. ನಮ್ಮ ಬೆಂಗ್ಳೂರಿನ ಪ್ರಕಾಶ್ ನಂಜಪ್ಪ ಪಿಸ್ತೂಲು ಹಿಡ್ಕೊಂಡು 2016ರ ರಿಯೋ ಒಲಿಂಪಿಕ್ಸ್ ವರೆಗೆ ಹೋದ್ರು. ಖರ್ಚಿನ ಆಟ ಅದು, ಜಾಕೆಟ್ಟು, ಶೂ, ಕಾಳು ಎಲ್ಲಕ್ಕೂ ದುಡ್ಡು. ನಿಮ್ಮ ಚಿಂತೆ ಅದಾಗಿದ್ರೆ ನ್ಯಾಯ ಇದೆ, ಮಗಳ ಹತ್ರ ಅದನ್ನೇ ನೇರ ಹೇಳಿ.

ಈಗ ವಾಪಸ್ ಕೊಡಗಿಗೆ.

ಪ್ರಶ್ನೆ (ಜನವರಿ): ಅಕ್ಕಾ, ಎರಡು ಬೀಗದ ಕಪಾಟು ಬಂತು. ಗರ್ಭಗುಡಿ ಮಾತು ಮಗ ಹೇಳಿದ, ಮಾವ ಅರ್ಧ ಗಂಟೆ ಮಾತಾಡ್ಲಿಲ್ಲ, ಆಮೇಲೆ ‘ಇದು ನಿನ್ನ ತಲೆ ಅಲ್ಲ, ನಿನ್ನಮ್ಮನ ತಲೆ’ ಅಂದ್ರಂತೆ. ಕಾಫಿ ಕುಯ್ಯೋ ಸಮಯ, ರಾತ್ರಿ ಆನೆ ಲೈನ್‌ಮನೆ ಹಿಂದೇನೇ ಬಂದಿತ್ತು, ಪಕ್ಕದ ತೋಟದವರು ಆಕಾಶಕ್ಕೆ ಎರಡು ಈಡು ಬಿಟ್ಟು ಓಡ್ಸಿದ್ರು. ಕೆಲಸದವರ ಮಕ್ಕಳು ಒಳಗೆ ಮಲಗಿದ್ರು, ಆ ಸದ್ದು ಕೇಳಿ ನಂಗೆ ಸಮಾಧಾನ ಆಯ್ತು ಅಂದ್ರೆ ನೀವು ನಂಬ್ತೀರಾ, ಹೋದ ವರ್ಷ ನಾನೇ ನಂಬ್ತಿರ್ಲಿಲ್ಲ.

ಆದ್ರೆ ಬರೀತಿರೋದು ಬೇರೇದಕ್ಕೆ. ನನ್ನ ಮೈದುನ ಬೆಂಗ್ಳೂರಲ್ಲಿ ಬಿಸಿನೆಸ್ ಮಾಡಿ ಕೈಸುಟ್ಕೊಂಡು ಮನೆಗೆ ಬಂದಿದಾರೆ. ಒಂದು ತಿಂಗಳಿಂದ ಸರಿಯಾಗಿ ಊಟ ಇಲ್ಲ, ರಾತ್ರಿ ನಿದ್ದೆ ಇಲ್ಲ, ಕುಡಿಯೋದು ಜಾಸ್ತಿ ಆಗಿದೆ, ಮೊನ್ನೆ ‘ಅತ್ತಿಗೆ, ನಾನಿಲ್ದಿದ್ರೆ ನಿಮಗೆಲ್ಲಾ ಹಗುರ’ ಅಂದ್ರು. ಬೀಗದಕೈ ನನ್ನ ಹತ್ರಾನೇ ಇದೆ, ಆದ್ರೂ ರಾತ್ರಿ ಎದ್ದು ಎದ್ದು ತಲೆದಿಂಬಿನ ಕೆಳಗೆ ಮುಟ್ಟಿ ನೋಡ್ಕೋತೀನಿ. ಮಾವನಿಗೆ ಹೇಳಿದ್ರೆ ‘ನಮ್ಮ ಮನೆ ಮಕ್ಕಳ ಬಗ್ಗೆ ಹಾಗೆಲ್ಲ ಮಾತಾಡ್ಬೇಡ’ ಅಂತಾರೆ.

ಉತ್ತರ: ಈ ಪತ್ರ ಸಿಕ್ಕಿದ ಕೂಡ್ಲೇ ಫೋನ್ ಮಾಡಿದ್ದೆ, ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಬರೀತಿದೀನಿ.

ಎರಡೂ ಕೋವಿ, ತೋಟಾ ಡಬ್ಬಿ ಸಮೇತ, ಇವತ್ತು ಮನೆಯಿಂದ ಹೊರಗೆ ಹೋಗ್ಬೇಕು. ನಾಳೆ ಅಲ್ಲ, ಇವತ್ತು. ಬೀಗ ಸಾಕಾಗಲ್ಲ, ಯಾಕಂದ್ರೆ ಆ ಬೀಗ ಮಕ್ಕಳಿಗೆ, ಕಳ್ಳರಿಗೆ, ಕುಡಿದ ನೆಂಟರಿಗೆ ಅಂತ ಹಾಕಿದ್ದು. ಅದೇ ಮನೇಲಿ ಹುಟ್ಟಿ ಬೆಳೆದ ಗಂಡಸಿಗೆ ಬೀಗದಕೈ ಎಲ್ಲಿರತ್ತೆ ಅಂತ ಹುಡ್ಕೋದು ದೊಡ್ಡ ಕೆಲ್ಸ ಅಲ್ಲ. ಡಾಕ್ಟರುಗಳು ಹೇಳೋದು ಏನಂದ್ರೆ ಆ ಕೆಟ್ಟ ಗಳಿಗೆ ತುಂಬಾ ಹೊತ್ತು ಇರಲ್ಲ, ದಾಟಿದ್ರೆ ಎಷ್ಟೋ ಜನ ಬದುಕ್ತಾರೆ, ಆ ಗಳಿಗೇಲಿ ಕೈಗೆ ಏನು ಸಿಕ್ತು ಅನ್ನೋದರ ಮೇಲೇ ಎಲ್ಲಾ ನಿಂತಿರತ್ತೆ. ಕೋವಿ ಎರಡನೇ ಯೋಚನೆಗೆ ಟೈಮ್ ಕೊಡಲ್ಲ. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ ಇವತ್ತಿಗೂ ಹೇಳೋದು, ಮಕ್ಕಳಿರೋ ಮನೆಗೆ ಕೋವಿ ಇಲ್ಲದಿರೋದೇ ಎಲ್ಲಕ್ಕಿಂತ ಸೇಫ್ ಅಂತ, ಇಟ್ಕೊಳ್ಳಲೇಬೇಕು ಅಂದ್ರೆ ಖಾಲಿ ಮಾಡಿ, ಬೀಗ ಹಾಕಿ, ಗುಂಡು ಬೇರೆ ಕಡೆ. ನಾನು ಕೋವಿ ಇರೋ ಮನೆಯವಳಾಗಿ ಆ ಮಾತನ್ನ ಅಲ್ಲಗಳೆಯಲ್ಲ. ನಾವು ಇಟ್ಕೊಂಡಿದೀವಿ ಅಂದ್ರೆ ಆ ಅಪಾಯಾನ ಗೊತ್ತಿದ್ದೂ ಇಟ್ಕೊಂಡಿದೀವಿ ಅಂತ, ಅಪಾಯ ಇಲ್ಲ ಅಂತಲ್ಲ.

ಮಾವನಿಗೆ ಮಗನ ಹೆಸರು ಎತ್ತಿ ಹೇಳ್ಬೇಡಿ, ಅಪ್ಪನ ಕರುಳು ಅದು, ಒಪ್ಪಲ್ಲ. ಹೀಗೆ ಹೇಳಿ. ಪ್ರತಿ ಎಲೆಕ್ಷನ್ ಬಂದಾಗಲೂ ನಮ್ಮ ಮಲೆನಾಡಿನ ರೈತರು ಬೈಕೊಂಡೇ ಕೋವಿ ತಗೊಂಡು ಹೋಗಿ ಪೊಲೀಸ್ ಸ್ಟೇಷನ್ನಲ್ಲಿ ಡಿಪಾಸಿಟ್ ಮಾಡ್ತಾರೆ, ಹಂದಿ ಮಂಗ ಎಲ್ಲಾ ತೋಟದಲ್ಲಿ ಹಬ್ಬ ಮಾಡ್ತಿದ್ರೂ ರಶೀದಿ ಇಟ್ಕೊಂಡು ಕಾಯ್ತಾರೆ. ಯಾರೋ ಎಂಎಲ್ಎ ಆಗೋಕೆ ಅಂತ ಎರಡು ತಿಂಗಳು ಕೋವಿ ಬಿಟ್ಟಿರೋಕೆ ಆಗತ್ತೆ, ಮನೆಯವರಿಗೆ ಅಂತ ಬಿಟ್ಟಿರೋಕೆ ಆಗಲ್ವಾ? ಸ್ಟೇಷನ್ನು, ಇಲ್ಲಾ ಲೈಸೆನ್ಸ್ ಇರೋ ಆಯುಧದ ಅಂಗಡಿ, ಎರಡು ಕಡೇನೂ ಡಿಪಾಸಿಟ್ ಇಟ್ಕೋತಾರೆ, ರಶೀದಿ ಮರೀದೆ ತಗೊಳ್ಳಿ.

ಮೈದುನನ ಜೊತೆ ನೇರವಾಗಿ ಮಾತಾಡಿ. ‘ಸಾಯೋ ಯೋಚನೆ ಬರ್ತಿದ್ಯಾ?’ ಅಂತ ಕೇಳಿದ್ರೆ ಇಲ್ಲದ ಯೋಚನೆ ಬರತ್ತೆ ಅಂತ ಜನ ಹೆದರ್ತಾರೆ, ಹಾಗೇನಿಲ್ಲ, ಕೇಳಿದ್ರೆ ಎದೆ ಮೇಲಿನ ಕಲ್ಲು ಇಳಿದ ಹಾಗಾಗತ್ತೆ ಎಷ್ಟೋ ಜನರಿಗೆ. ಒಬ್ಬರನ್ನೇ ಬಿಡ್ಬೇಡಿ. ಸರ್ಕಾರದ ಟೆಲಿ ಮಾನಸ್ ಇದೆ, ನಂಬರು 14416, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಮಾಡಿದ್ರೂ ಎತ್ತುತಾರೆ, ಕನ್ನಡದಲ್ಲೇ ಮಾತಾಡ್ತಾರೆ. ಆಮೇಲೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ರ ಕರ್ಕೊಂಡು ಹೋಗಿ. ಗಂಡನ ಜೊತೆ ಸೇರ್ಕೊಂಡು ಹೋಗಿ, ನಿಮ್ಮೊಬ್ಬರ ಹೆಗಲ ಮೇಲೇ ಹಾಕ್ಕೋಬೇಡಿ.

ಪ್ರಶ್ನೆ (ಈ ಆಗಸ್ಟ್): ಅಕ್ಕಾ, ಇದು ಖುಷಿ ಪತ್ರ. ಮೈದುನ ಔಷಧಿ ತಗೋತಿದಾರೆ, ಕುಡಿಯೋದು ಬಿಟ್ಟು ಐದು ತಿಂಗಳು, ಈಗ ಜೇನು ಪೆಟ್ಟಿಗೆ ಇಟ್ಟಿದಾರೆ ತೋಟದಲ್ಲಿ. ಜನವರಿಯಲ್ಲಿ ಕೋವಿ ಸ್ಟೇಷನ್ನಿಗೆ ತಗೊಂಡು ಹೋಗಿದ್ದು ಯಾರು ಗೊತ್ತಾ, ಮಾವನೇ. ನಾನು ಎಲೆಕ್ಷನ್ ಮಾತು ಎತ್ತಿದೆ, ಅವರು ಸುಮ್ನೆ ನನ್ನ ಮುಖ ನೋಡಿದ್ರು, ಎಲ್ಲಾ ಅರ್ಥ ಆಗಿತ್ತು ಅವರಿಗೆ, ಜೀಪ್ ತೆಗಿ ಅಂದ್ರು ಅಷ್ಟೆ. ಬರೋ ದಾರೀಲಿ ಅತ್ತರು.

ಮೊನ್ನೆ ಡಾಕ್ಟರು ಸರಿ ಅಂದ್ಮೇಲೆ, ಮೈದುನನನ್ನೂ ಕೂರಿಸ್ಕೊಂಡು ಕೇಳಿದ್ವಿ. ಅವರು ‘ಹೊಸದು ಬರ್ಲಿ, ಹಳೇದು ಅಲ್ಲೇ ಇರ್ಲಿ ಇನ್ನೊಂದಷ್ಟು ದಿನ’ ಅಂದ್ರು, ಅದರ ಹಾಗೇ ಮಾಡ್ತಿದೀವಿ. ಹಬ್ಬದ ಮೊದಲು ವಾಪಸ್ ಬರತ್ತೆ. ಮನೆಗೆ ಬರ್ತಿದೆ ಅಂತ ನಂಗೆ ಒಳಗೊಳಗೇ ಏನೋ ಕಾಯ್ತಿರೋ ಹಾಗೆ ಅನಿಸ್ತಿದೆ, ಇದೇನಾಯ್ತು ಅಕ್ಕ ನಂಗೆ? ಮಗನಿಗೆ ಮಾತ್ರ ಕೋವಿ ಹುಚ್ಚು ಇಳಿದಿದೆ. ಎಣ್ಣೆ ಬಟ್ಟೇಲಿ ಒರೆಸಿ ಒರೆಸಿ ಸಾಕಾಯ್ತಂತೆ, ಈಗ ಹಾಕಿ ಸ್ಟಿಕ್ ಬಿಟ್ರೆ ಬೇರೆ ಮಾತಿಲ್ಲ, ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ನಮ್ಮ ಮನೆ ಟೀಮಿಗೆ ಆಡ್ಬೇಕಂತೆ. ಗುಂಡು ಹೊಡೆಯೋದು ಕಲೀಬೇಕು ಅಂತ ಆಸೆ ಬಂದಿರೋದು ನಂಗೆ! ಆ ಸೀರೆ ಆಂಟಿ ಕಣ್ಣಿಂದ ಹೋಗ್ತಾನೇ ಇಲ್ಲ. ಎರಡನೇದು, ಈ ಸಲ ಹಬ್ಬಕ್ಕೆ ನಮ್ಮಮ್ಮ ದಾವಣಗೆರೆಯಿಂದ ಬರ್ತಿದಾರೆ. ಕೋವಿ ಇರೋ ಮನೆಗೆ ಮಗಳನ್ನ ಕೊಟ್ವಲ್ಲ ಅಂತ ಹದಿನಾರು ವರ್ಷದಿಂದ ಕೊರಗ್ತಾ ಇರೋರು ಅವರು. ಅವರಿಗೆ ಹೇಗೆ ಹೇಳ್ಲಿ?

ಉತ್ತರ: ಏನೂ ಆಗಿಲ್ಲ ತಂಗಿ ನಿಮಗೆ, ಮನೆಯವಳಾಗಿದೀರ.

ಗುಂಡು ಹೊಡೆಯೋ ಆಸೆ ಒಳ್ಳೇದೇ, ಆದ್ರೆ ಒಂದು ಕಿರಿಕಿರಿ ಮಾತು ಕೇಳ್ಕೊಳ್ಳಿ. ಆ ವಿನಾಯಿತಿ ಕೊಡವರಾಗಿ ಹುಟ್ಟಿದವರಿಗೆ, ಜಮ್ಮಾ ಹಿಡುವಳಿದಾರರಿಗೆ ಅಂತ ಬರೆದಿರೋದು, ದಾವಣಗೆರೆಯಲ್ಲಿ ಹುಟ್ಟಿದ ಸೊಸೆಗೆ ಅದು ತಾನಾಗೇ ಅಂಟಿಕೊಳ್ಳತ್ತೆ ಅಂದ್ಕೋಬೇಡಿ. ಹಾಗಾಗಿ ಮನೆ ಕೋವಿ ತಗೊಂಡು ತೋಟದಲ್ಲಿ ಕಲಿಯೋದು ಬೇಡ, ರೈಫಲ್ ಅಸೋಸಿಯೇಷನ್ ನಡೆಸೋ ತರಬೇತಿಗೆ ಹೋಗಿ, ಅಲ್ಲಿ ಹೇಳ್ಕೊಟ್ಟಿದ್ದು ನಿಮ್ಮ ಮಾವನಿಗೂ ಗೊತ್ತಿರಲ್ಲ. ಬಗ್ಗಿಸಿ ತೆರೆದು ಖಾಲಿ ಇದ್ಯಾ ನೋಡೋದು, ನಳಿಗೆ ಯಾವತ್ತೂ ಮನುಷ್ಯರ ಕಡೆ ತಿರುಗದ ಹಾಗೆ ನೋಡ್ಕೊಳ್ಳೋದು, ಹೊಡೆಯೋ ಗಳಿಗೆವರೆಗೂ ಬೆರಳು ಟ್ರಿಗರಿಂದ ದೂರ, ಗುರಿಯ ಹಿಂದೆ ಏನಿದೆ ಯಾರಿದಾರೆ ಅಂತ ತಿಳಿದ್ಮೇಲೇ ಈಡು. ಈ ಕೊನೇದನ್ನ ಮರೆತೇ ನಮ್ಮ ಕಡೆ ಶಿಕಾರಿಗೆ ಹೋದವರು ಹಂದಿ ಅಂತ ಜೊತೆಗಾರನಿಗೇ ಹೊಡೆದಿರೋದು, ಒಂದ್ಸಲ ಅಲ್ಲ. ಅಂದ ಹಾಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಶಿಕಾರಿ ಅನ್ನೋದೇ ಕಾನೂನಿಗೆ ವಿರುದ್ಧ, ಅದಕ್ಕೆ ಕೊಡವರಿಗೂ ವಿನಾಯಿತಿ ಇಲ್ಲ, ನಮಗೂ ಇಲ್ಲ. ತೆಂಗಿನಕಾಯಿಗೆ ಹೊಡೀರಿ, ಒಡೆದ್ರೆ ಚಟ್ನಿಗಾಗತ್ತೆ.

ಅಮ್ಮನ ವಿಷ್ಯ. ಅವರು ಬರೋ ಹೊತ್ತಿಗೆ ಕಪಾಟಿಗೆ ಬೀಗ ಹಾಕಿ ಬಟ್ಟೆ ಮುಚ್ಚಿ ಏನೂ ಇಲ್ಲ ಅನ್ನೋ ಹಾಗೆ ಮಾಡ್ಬೇಡಿ, ಹೆಂಗಸರಿಗೆ ಮುಚ್ಚಿಟ್ಟಿದ್ದು ಮೊದಲು ಕಾಣತ್ತೆ. ಪೂಜೆ ದಿನ ಕೋವಿ ಹೊರಗೆ ತೆಗೆಯೋವಾಗ ಅವರನ್ನ ಪಕ್ಕದಲ್ಲೇ ನಿಲ್ಸಿ. ಮಾವ ತಮ್ಮ ಬೀಗ ತೆಗೀಲಿ, ನೀವು ನಿಮ್ಮದು ತೆಗೀರಿ. ಮಾವ ಬಗ್ಗಿಸಿ ತೆರೆದು ಎರಡು ತೂತೂ ತೋರಿಸ್ಲಿ, ನೀವೂ ಇಣುಕಿ ನೋಡಿ, ಅಮ್ಮನಿಗೂ ‘ನೋಡಮ್ಮ’ ಅನ್ನಿ. ಅವರು ನೋಡಲ್ಲ, ಮುಖ ತಿರುಗಿಸ್ತಾರೆ, ಇರ್ಲಿ. ತೋಕ್‌ಪೂ ಮಾತ್ರ ಅವರ ಕೈಲಿ ಕೊಡ್ಬೇಡಿ, ಆ ಗಿಡದ ಗೆಡ್ಡೆ ವಿಷ, ಹೂ ಮುಟ್ಟಿದ್ರೂ ಕೈ ತೊಳ್ಕೊಳ್ಳೋಕೆ ಹೇಳಿ, ಹಬ್ಬದ ದಿನ ಮಕ್ಕಳು ಹಾಗೇ ಊಟಕ್ಕೆ ಕೂತ್ಬಿಡ್ತಾವೆ.

ಊಟದ್ದು ಒಂದು ಕೇಳ್ಬೇಕು ಅಂತಿದ್ದೆ. ನಿಮ್ಮ ತವರುಮನೇಲಿ ಮಾಂಸ ತಿಂತಾರಾ? ತಿನ್ನಲ್ಲ ಅಂದ್ರೆ ಪಂದಿಕರಿ (ಹಂದಿಮಾಂಸದ ಸಾರು) ಪಾತ್ರೆ ದೂರ ಇಟ್ಟು, ಅಕ್ಕಿ ಕಡುಬು ಕಡಂಬುಟ್ಟಿಗೆ ಬೇರೆ ಒಂದು ಕಾಯಿಹಾಲಿನ ಸಾರು ಮಾಡಿ. ಕೋವಿಗಿಂತ ಅದೇ ದೊಡ್ಡ ಜಗಳ ಆಗೋದು ನೋಡ್ತಾ ಇರಿ.